ಕಸುಬಿನ ಹೆಸರು ಹೊತ್ತ ಎರಡು ಊರುಗಳು

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ಮೂವತ್ತೆರಡು ತಂಡಗಳ ಹೆಸರುಗಳನ್ನು ಒಟ್ಟಿಗೆ ಓದಿಕೊಂಡು ಹೋದರೆ ಕರಡಿ, ಸಿಂಹ, ಹದ್ದುಗಳಂಥ ಪ್ರಾಣಿಪಕ್ಷಿಗಳೂ ಕಡಲುಗಳ್ಳರು, ದನಗಾಹಿಗಳು, ಚಿನ್ನ ಹುಡುಕಿ ಹೊರಟ ಸಾಹಸಿಗಳೂ ಸಿಗುತ್ತಾರೆ. ಆದರೆ ಕಾರ್ಖಾನೆಯ ಕೆಲಸಗಾರರ ಹೆಸರನ್ನು ಹೊತ್ತ ತಂಡಗಳು ಎರಡೇ ಎರಡು. ಒಂದು, ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಪ್ಯಾಕರ್ಸ್, ಎಂದರೆ ಮಾಂಸವನ್ನು ಕತ್ತರಿಸಿ ಡಬ್ಬಿಗೆ ತುಂಬುವ ಕೆಲಸದವರು. ಇನ್ನೊಂದು, ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಸ್ಟೀಲರ್ಸ್, ಎಂದರೆ ಉಕ್ಕು ತಯಾರಿಸುವವರು. 2011ರ ಫೆಬ್ರವರಿ 6ರ ಭಾನುವಾರ ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ನಡೆದ ನಲವತ್ತೈದನೆಯ ಸೂಪರ್ ಬೌಲ್‌ನಲ್ಲಿ ಈ ಎರಡು ತಂಡಗಳು ಎದುರಾದವು. ಪಂದ್ಯ ನಡೆದದ್ದು ಆರ್ಲಿಂಗ್ಟನ್‌ನಲ್ಲಾದರೂ ಅದರ ಬೇರುಗಳಿರುವುದು ಆ ಎರಡು ಊರುಗಳಲ್ಲಿ. ಆದ್ದರಿಂದ ಅದನ್ನು ಅರಿಯಬಯಸುವವರು ದಕ್ಷಿಣದ ಟೆಕ್ಸಾಸಿಗೆ ಹೊರಡುವ ಮುನ್ನ ಉತ್ತರದ ಹಿಮದ ದಾರಿಯನ್ನು ಹಿಡಿಯಬೇಕಾಗುತ್ತದೆ.

ಸೂಪರ್ ಬೌಲ್ ಎಂಬುದು ಲೀಗಿನ ಎರಡು ಬಣಗಳ ವಿಜೇತರ ನಡುವೆ ವರ್ಷಕ್ಕೊಮ್ಮೆ ನಡೆಯುವ ಅಂತಿಮ ಪಂದ್ಯ. ಮೊದಲನೆಯದು 1967ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆಯಿತು. ನೂರು ಗಜ ಉದ್ದದ ಮೈದಾನದಲ್ಲಿ ತಲಾ ಹನ್ನೊಂದು ಮಂದಿ ಎದುರುಬದುರು ನಿಲ್ಲುವ ಈ ಆಟದಲ್ಲಿ, ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ಹತ್ತು ಗಜ ಮುನ್ನುಗ್ಗಲು ನಾಲ್ಕು ಯತ್ನಗಳ ಅವಕಾಶವಿರುತ್ತದೆ. ಒಂದೊಂದು ಯತ್ನಕ್ಕೆ ಡೌನ್ ಎಂದು ಹೆಸರು. ಹತ್ತು ಗಜ ದಕ್ಕಿದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ, ದಕ್ಕದಿದ್ದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಚೆಂಡನ್ನು ಮೈದಾನದ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್, ಅದಕ್ಕೆ ಆರು ಅಂಕ. ಕಂಬಗಳ ನಡುವೆ ಒದ್ದು ದಾಟಿಸಿದರೆ ಮೂರು ಅಂಕ. ದಾಳಿಯ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಸಂಗಡಿಗನ ಕೈಗೆ ಕೊಟ್ಟು ಓಡಿಸಬಹುದು ಅಥವಾ ದೂರಕ್ಕೆ ಎಸೆಯಬಹುದು. ಒಂದೊಂದು ಗಜವನ್ನೂ ಮೈಬಲದಿಂದ ಕೀಳಬೇಕಾದ ಈ ಆಟವು ಕಾರ್ಖಾನೆಯ ಊರುಗಳಿಗೆ ಅಷ್ಟು ಬೇಗ ಒಗ್ಗಿಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಚಿಕಾಗೋದಿಂದ ಮಿಷಿಗನ್ ಸರೋವರದ ದಂಡೆಯನ್ನು ಬಲಕ್ಕಿಟ್ಟುಕೊಂಡು ಉತ್ತರಕ್ಕೆ ಸಾಗಿದರೆ, ಮಿಲ್ವಾಕಿ ನಗರ ದಾಟಿದ ಮೇಲೆ ಹಸುಗಳ ಕೊಟ್ಟಿಗೆಗಳೂ ಹಿಮ ಹೊದ್ದು ಮಲಗಿದ ಜೋಳದ ಹೊಲಗಳೂ ಒಂದಾದ ಮೇಲೊಂದು ಹಿಂದೆ ಸರಿಯುತ್ತವೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿಯ ಕೊನೆಯಲ್ಲಿ, ಫಾಕ್ಸ್ ನದಿಯು ಸರೋವರದ ಕೊಲ್ಲಿಯನ್ನು ಸೇರುವಲ್ಲಿ, ಗ್ರೀನ್ ಬೇ ಇದೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಈ ಊರು ಕಾಗದದ ಗಿರಣಿಗಳಿಗೂ ಮಾಂಸದ ಉದ್ಯಮಕ್ಕೂ ಹೆಸರಾದದ್ದು. ಲೀಗಿನ ಉಳಿದ ತಂಡಗಳೆಲ್ಲ ಮಹಾನಗರಗಳ ಆಶ್ರಯದಲ್ಲಿ ಬೆಳೆದಿರುವಾಗ ಇಷ್ಟು ಚಿಕ್ಕ ಊರಿನಲ್ಲಿ ತಂಡವೊಂದು ಉಳಿದುಕೊಂಡಿರುವುದೇ ಒಂದು ವಿಶೇಷ. ಮಹಡಿ ಮನೆಗಳ ಸಾಮಾನ್ಯ ಬೀದಿಯೊಂದರ ಕೊನೆಯಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, 2011ರಲ್ಲಿ 73,000ದಷ್ಟು ಜನ ಕೂರಬಹುದಾಗಿದ್ದ ತಂಡದ ಅಂಗಣ ಲ್ಯಾಂಬೋ ಫೀಲ್ಡ್ ಎದ್ದು ನಿಲ್ಲುತ್ತದೆ. ಮನೆಯಂಗಳದ ಬೇಲಿಗೂ ಕ್ರೀಡಾಂಗಣದ ಗೋಡೆಗೂ ನಡುವೆ ಇರುವುದು ಒಂದು ರಸ್ತೆಯಷ್ಟೇ ಅಗಲ.

ತಂಡ ಹುಟ್ಟಿದ್ದು 1919ರಲ್ಲಿ. ಇಂಡಿಯನ್ ಪ್ಯಾಕಿಂಗ್ ಕಂಪನಿ ಎಂಬ ಮಾಂಸದ ಡಬ್ಬಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಕರ್ಲಿ ಲ್ಯಾಂಬೋ ಎಂಬ ತರುಣರು, ಪತ್ರಕರ್ತ ಜಾರ್ಜ್ ಕ್ಯಾಲ್ಹೂನ್ ಅವರೊಡನೆ ಸೇರಿ ತಂಡ ಕಟ್ಟಿದರು. ಅಂಗಿ, ಚೆಂಡುಗಳ ಖರ್ಚಿಗೆ ಕಂಪನಿ 500 ಡಾಲರ್ ಕೊಟ್ಟು, ತನ್ನ ಹೆಸರನ್ನೇ ಇಡಬೇಕೆಂದು ಕೇಳಿತು. ಇಲ್ಲಿ ಇಂಡಿಯನ್ ಎಂಬ ಪದ ಭಾರತಕ್ಕೆ ಸಂಬಂಧಿಸಿದ್ದಲ್ಲ, ಅಮೆರಿಕದ ಮೂಲನಿವಾಸಿಗಳಿಗೆ ಅಂದು ಬಳಕೆಯಲ್ಲಿದ್ದ ಹೆಸರು ಎಂಬುದನ್ನು ಗಮನಿಸಬೇಕು. ಆ ಕಂಪನಿ ಎರಡೇ ವರ್ಷಗಳಲ್ಲಿ ಬೇರೊಂದು ಕಂಪನಿಯ ಕೈಸೇರಿ ಹೆಸರು ಕಳೆದುಕೊಂಡಿತು, ತಂಡ ಮಾತ್ರ ಆ ಹೆಸರನ್ನು ಬಿಡಲಿಲ್ಲ. 1923ರಲ್ಲಿ ಸಾಲದಿಂದ ಉಸಿರುಗಟ್ಟಿದಾಗ ಊರಿನವರೇ ಷೇರು ಕೊಂಡು ತಂಡವನ್ನು ಲಾಭವಿಲ್ಲದ ಸಾರ್ವಜನಿಕ ಸಂಸ್ಥೆಯನ್ನಾಗಿ ಮಾಡಿದರು. ಮುಂದೆ 1935, 1950 ಮತ್ತು 1997ರಲ್ಲಿಯೂ ಷೇರುಗಳು ಮಾರಾಟವಾದವು. ಈ ಷೇರಿಗೆ ಲಾಭಾಂಶವಿಲ್ಲ, ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಅದನ್ನು ಹಿಡಿದವರಿಗೆ ಪಂದ್ಯದ ಟಿಕೆಟ್ಟೂ ಸಿಗುವುದಿಲ್ಲ. ಆದರೂ 2011ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡೋ ಮಕ್ಕಳಿಗೆ ಬಳುವಳಿಯಾಗಿ ಕೊಟ್ಟೋ ಕಾಪಾಡಿಕೊಂಡು ಬಂದಿದ್ದರು. ತಂಡವನ್ನು ಎಂದಾದರೂ ಮಾರಿದರೆ ಬರುವ ಹಣ ಯಾರ ಜೇಬಿಗೂ ಹೋಗದೆ ಯೋಧರ ಸ್ಮಾರಕಕ್ಕೆ ಸೇರಬೇಕೆಂದು 1923ರ ಕರಾರಿನಲ್ಲಿಯೇ ಬರೆದಿತ್ತು. ಹೀಗೆ ಮಾರುವುದರಿಂದ ಯಾರಿಗೂ ಲಾಭವಿಲ್ಲದಂತೆ ಮಾಡಿದ್ದರಿಂದಲೇ ತಂಡ ಊರು ಬಿಟ್ಟು ಹೋಗಲಿಲ್ಲ.

ಊರಿನ ಒಲವೊಂದೇ ತಂಡವನ್ನು ಉಳಿಸಿತು ಎಂದರೆ ಅರ್ಧ ಸತ್ಯ. 1961ರಲ್ಲಿ ಲೀಗಿನ ಆಯುಕ್ತ ಪೀಟ್ ರೊಝೆಲ್ ಅವರು, ದೂರದರ್ಶನ ಪ್ರಸಾರದಿಂದ ಬರುವ ಹಣವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುವ ಏರ್ಪಾಡಿಗೆ ಮಾಲೀಕರನ್ನು ಒಪ್ಪಿಸಿದರು. ನ್ಯೂಯಾರ್ಕಿನಂಥ ದೊಡ್ಡ ಮಾರುಕಟ್ಟೆಯ ತಂಡದವರು ತಮ್ಮ ಪಾಲನ್ನು ಬಿಟ್ಟುಕೊಡಲು ಒಪ್ಪಿದ್ದರಿಂದ ಗ್ರೀನ್ ಬೇ ಬದುಕಿತು. ಹಂಚಿ ತಿನ್ನುವ ಆ ತೀರ್ಮಾನವೇ ಮುಂದೆ ಇಡೀ ಲೀಗಿನ ಏಳಿಗೆಗೆ ಕಾರಣವಾಯಿತು ಎಂಬುದನ್ನು, ಆಟಗಾರರ ಮತ್ತು ಮಾಲೀಕರ ಒಪ್ಪಂದ ಮುಗಿಯುತ್ತ ಬಂದು ಮುಂದಿನ ಋತುವಿನ ಬಗ್ಗೆಯೇ ಅನುಮಾನ ಎದ್ದಿದ್ದ 2011ರ ಆ ಹೊತ್ತಿನಲ್ಲಿ ನೆನೆಯುವುದು ಅಗತ್ಯವಾಗಿತ್ತು.

ಹಿಮ ಬಿದ್ದ ಮರುದಿನ ಲ್ಯಾಂಬೋ ಫೀಲ್ಡಿನಲ್ಲಿ ಕಾಣುವ ನೋಟವೊಂದು ಈ ಊರಿನ ಸ್ವಭಾವವನ್ನು ಹೇಳಿಬಿಡುತ್ತದೆ. ಪಂದ್ಯಕ್ಕೆ ಮೊದಲು ಆಸನಗಳ ಮೇಲಿನ ಹಿಮ ತೆಗೆಯಲು ಜನ ಬೇಕೆಂದು ತಂಡ ಪ್ರಕಟಿಸುತ್ತದೆ. ನಸುಕು ಹರಿಯುವ ಮುನ್ನವೇ ವಿದ್ಯಾರ್ಥಿಗಳು, ಮುದುಕರು, ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಬಾಗಿಲ ಬಳಿ ಸಾಲುಗಟ್ಟುತ್ತಾರೆ. ಗಂಟೆಯ ಲೆಕ್ಕದಲ್ಲಿ ಸಿಗುವ ಕೂಲಿ ಚಿಕ್ಕದು. ಸಲಿಕೆಗಳು ಸಾಲು ಸಾಲಾಗಿ ಹಿಮವನ್ನು ಎತ್ತಿ ಇಳಿಜಾರಿನ ತಗಡಿನ ಜಾಡಿಗೆ ಸುರಿದಂತೆಲ್ಲ ಅದು ಸರಸರನೆ ಕೆಳಕ್ಕೆ ಜಾರುತ್ತದೆ, ಅಲ್ಯೂಮಿನಿಯಂ ಬೆಂಚುಗಳು ಒಂದೊಂದಾಗಿ ಹೊರಬರುತ್ತವೆ. 1960ರಿಂದ ಒಂದು ಪಂದ್ಯದ ಟಿಕೆಟ್ಟೂ ಉಳಿಯದ ಈ ಅಂಗಣದಲ್ಲಿ ಋತುವಿಡೀ ಸೀಟು ಪಡೆಯಲು 2011ರಲ್ಲಿ 80,000ಕ್ಕೂ ಹೆಚ್ಚು ಹೆಸರುಗಳು ಕಾಯುವ ಪಟ್ಟಿಯಲ್ಲಿದ್ದವು. ಸೀಟು ಸಿಗದವರಿಗೂ ಬೆಂಚಿನ ಹಿಮವನ್ನು ಎತ್ತುವ ಹಕ್ಕು ಮಾತ್ರ ಸಿಗುತ್ತದೆ. ಬೇಸಿಗೆಯ ಅಭ್ಯಾಸದ ದಿನಗಳಲ್ಲಿಯೂ ಇಂಥದ್ದೇ ಒಂದು ರೂಢಿಯಿದೆ. ಅಂಗಣದಿಂದ ಅಭ್ಯಾಸದ ಬಯಲಿಗೆ ಹೋಗುವ ಆಟಗಾರರಿಗಾಗಿ ಊರ ಮಕ್ಕಳು ತಮ್ಮ ಸೈಕಲ್ ಹಿಡಿದು ಕಾಯುತ್ತಾರೆ. ನೂರೈವತ್ತು ಕಿಲೋ ತೂಗುವ ಆಳು ಪುಟ್ಟ ಸೈಕಲ್ಲಿನ ಮೇಲೆ ಮೊಣಕಾಲನ್ನು ಎದೆಗೆ ತಾಗಿಸಿಕೊಂಡು ತುಳಿಯುತ್ತಿದ್ದರೆ, ಸೈಕಲ್ಲಿನ ಒಡೆಯನಾದ ಮಗು ಅವನ ಶಿರಸ್ತ್ರಾಣವನ್ನು ಎರಡೂ ಕೈಯಲ್ಲಿ ಹೊತ್ತು ಪಕ್ಕದಲ್ಲಿ ಓಡುತ್ತದೆ.

1959ರಲ್ಲಿ ತರಬೇತುದಾರರಾಗಿ ಬಂದ ವಿನ್ಸ್ ಲೊಂಬಾರ್ಡಿ ಈ ಊರಿಗೆ ಐದು ಚಾಂಪಿಯನ್‌ಶಿಪ್‌ಗಳನ್ನು ತಂದುಕೊಟ್ಟರು, ಮೊದಲ ಎರಡು ಸೂಪರ್ ಬೌಲ್‌ಗಳೂ ಅವರ ತಂಡಕ್ಕೇ ದಕ್ಕಿದವು. ಅವರ ಕಾಲದ ಶಿಖರವೆಂದರೆ 1967ರ ಡಿಸೆಂಬರ್ 31ರಂದು ಇದೇ ಅಂಗಣದಲ್ಲಿ ಡಲ್ಲಾಸ್ ತಂಡದ ವಿರುದ್ಧ ನಡೆದ, ಐಸ್ ಬೌಲ್ ಎಂದೇ ಹೆಸರಾದ ಪಂದ್ಯ. ಅಂದು ಉಷ್ಣತೆ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದು, ನೆಲದಡಿಯ ಕಾವಿನ ವಿದ್ಯುತ್ ತಂತಿಗಳು ಕೈಕೊಟ್ಟು, ನಿರ್ಣಾಯಕರ ಸೀಟಿಗಳು ಹೆಪ್ಪುಗಟ್ಟಿದವು. 17–14ರಿಂದ ಹಿಂದಿದ್ದ ಗ್ರೀನ್ ಬೇಗೆ ಕೊನೆಯ 16 ಸೆಕೆಂಡುಗಳು ಉಳಿದಿದ್ದಾಗ, ಮೂರು ಅಂಕ ಒದ್ದು ಸಮ ಮಾಡಿಕೊಳ್ಳುವ ದಾರಿಯನ್ನು ಬಿಟ್ಟು, ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಚೆಂಡನ್ನು ತಾವೇ ಅಪ್ಪಿಕೊಂಡು ಮಂಜುಗಡ್ಡೆಯ ಮೇಲೆ ಗೆರೆಯೊಳಕ್ಕೆ ನುಗ್ಗಿದರು. ಲೊಂಬಾರ್ಡಿ 1970ರಲ್ಲಿ ತೀರಿಕೊಂಡ ಮೇಲೆ ಸೂಪರ್ ಬೌಲ್‌ನ ಬೆಳ್ಳಿಯ ಪ್ರಶಸ್ತಿಗೆ ಅವರ ಹೆಸರನ್ನಿಡಲಾಯಿತು.

ಗ್ರೀನ್ ಬೇಯಿಂದ ಪಿಟ್ಸ್‌ಬರ್ಗಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ವಿಮಾನ ನಿಲ್ದಾಣದಲ್ಲಿ ಬಂದಿಳಿದವರನ್ನು ಎರಡು ಪ್ರತಿಮೆಗಳು ಅಕ್ಕಪಕ್ಕ ನಿಂತು ಎದುರುಗೊಳ್ಳುತ್ತವೆ. ಒಂದು ಜಾರ್ಜ್ ವಾಷಿಂಗ್ಟನ್ ಅವರದು, ಇನ್ನೊಂದು, 1972ರ ಡಿಸೆಂಬರ್ 23ರಂದು ನೆಲ ಮುಟ್ಟಲಿದ್ದ ಚೆಂಡನ್ನು ಪಾದದ ಬಳಿ ಹಿಡಿದು ಓಡಿ ಸೋಲನ್ನು ಗೆಲುವಾಗಿಸಿದ ಸ್ಟೀಲರ್ಸ್ ಆಟಗಾರ ಫ್ರಾಂಕೋ ಹ್ಯಾರಿಸ್ ಅವರದು. ಅಲ್ಲಿಂದ ಬೆಟ್ಟದಡಿಯ ಫೋರ್ಟ್ ಪಿಟ್ ಸುರಂಗವನ್ನು ಹೊಕ್ಕು ಹೊರಬಿದ್ದೊಡನೆ, ಪರದೆ ಸರಿಸಿದಂತೆ, ಸೇತುವೆಯೂ ನದಿಗಳೂ ನಗರವೂ ಒಮ್ಮೆಲೇ ಕಣ್ಣೆದುರು ನಿಲ್ಲುತ್ತವೆ. ಅಲೆಗೇನಿ ಮತ್ತು ಮೊನಾಂಗಹೇಲಾ ಎಂಬೆರಡು ನದಿಗಳು ಕೂಡಿ ಒಹಾಯೋ ನದಿಯಾಗುವ ಸಂಗಮವಿದು. ಕಲ್ಲಿದ್ದಲಿನ ಬೆಟ್ಟಗಳೂ ಸರಕು ಸಾಗಿಸುವ ನೀರಿನ ದಾರಿಗಳೂ ಒಂದೆಡೆ ಸೇರಿದ್ದರಿಂದ ಉಕ್ಕು ಇಲ್ಲಿ ಬೇರೂರಿತು.

ಮೊನಾಂಗಹೇಲಾದ ದಂಡೆಯ ಮೇಲೆ ಕೆಲವು ಮೈಲಿ ಸಾಗಿದರೆ ಹೋಮ್‌ಸ್ಟೆಡ್ ಎಂಬ ಊರು ಸಿಗುತ್ತದೆ. 1892ರಲ್ಲಿ ಉಕ್ಕಿನ ಉದ್ಯಮಿ ಕಾರ್ನೆಗಿಯ ಕಾರ್ಖಾನೆಯ ಕಾರ್ಮಿಕರಿಗೂ ಕಂಪನಿ ಕರೆಸಿದ ಬಂದೂಕಿನ ಕಾವಲುಪಡೆಗೂ ಕಾಳಗ ನಡೆದು ಎರಡೂ ಕಡೆ ಜೀವಗಳು ಹೋದದ್ದು ಇಲ್ಲಿಯೇ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತೊಲೆಗಳು ತಯಾರಾದದ್ದೂ ಇಲ್ಲಿಯೇ. 1986ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಆ ನೆಲದ ಮೇಲೆ ಅಂಗಡಿಗಳ ಸಾಲೂ ಚಿತ್ರಮಂದಿರವೂ ವಾಹನಗಳ ನಿಲುಗಡೆಯೂ ಇವೆ. ಅವುಗಳ ಪಕ್ಕದಲ್ಲಿ ಹನ್ನೆರಡು ಇಟ್ಟಿಗೆಯ ಚಿಮಣಿಗಳು, ಒಂದೇ ಎತ್ತರಕ್ಕೆ, ಒಂದೇ ಸಾಲಿನಲ್ಲಿ, ಹೊಗೆಯಿಲ್ಲದೆ ನಿಂತಿವೆ. ಪಿಟ್ಸ್‌ಬರ್ಗ್ ನಗರದ ನಡುವಿನ ಅತಿ ಎತ್ತರದ ಕಟ್ಟಡವನ್ನು ಉಕ್ಕಿನ ಕಂಪನಿಯೇ ತನ್ನ ಉಕ್ಕಿನಿಂದ ಕಟ್ಟಿಸಿತು. ಇಂದು ಅದರ ನೆತ್ತಿಯ ಮೇಲೆ ಹೊಳೆಯುವ ಅಕ್ಷರಗಳು ಆಸ್ಪತ್ರೆಗಳ ಸಮೂಹವೊಂದರವು. 1950ರಲ್ಲಿ 6.76 ಲಕ್ಷವಿದ್ದ ನಗರದ ಜನಸಂಖ್ಯೆ ಮೂರು ಲಕ್ಷದ ಆಸುಪಾಸಿಗೆ ಇಳಿದಿದೆ.

ಆದರೆ ಊರು ಬಿಟ್ಟವರು ತಂಡವನ್ನು ಬಿಡಲಿಲ್ಲ. ಕೆಲಸ ಹುಡುಕಿಕೊಂಡು ಟೆಕ್ಸಾಸ್, ಫ್ಲಾರಿಡಾ, ಅರಿಜೋನಾಗಳಿಗೆ ಹೋದ ಮನೆಗಳಲ್ಲಿ ಹುಟ್ಟಿ ಪಿಟ್ಸ್‌ಬರ್ಗನ್ನು ಕಾಣದೆಯೇ ಬೆಳೆದ ಮಕ್ಕಳೂ ಭಾನುವಾರ ಕಪ್ಪು–ಹೊಂಬಣ್ಣದ ಅಂಗಿ ತೊಡುತ್ತಾರೆ. 1933ರಲ್ಲಿ ಆರ್ಟ್ ರೂನಿ ಕಟ್ಟಿದ ತಂಡ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಅದಕ್ಕೆ ಸ್ಟೀಲರ್ಸ್ ಎಂಬ ಹೆಸರು ಬಂದದ್ದು 1940ರಲ್ಲಿ. 1962ರಿಂದ ಆಟಗಾರರ ಶಿರಸ್ತ್ರಾಣದ ಮೇಲೆ ಉಕ್ಕು ಉದ್ಯಮದ ಗುರುತಾದ ಮೂರು ನಕ್ಷತ್ರಾಕೃತಿಗಳಿವೆ. ಹಳದಿಯದು ಕಲ್ಲಿದ್ದಲಿಗೆ, ಕೆಂಪು ಛಾಯೆಯದು ಕಬ್ಬಿಣದ ಅದಿರಿಗೆ, ನೀಲಿಯದು ಗುಜರಿ ಉಕ್ಕಿಗೆ ಸಂಕೇತ. ಹೇಗೆ ಕಾಣುತ್ತದೆಯೋ ನೋಡೋಣವೆಂದು ಮೊದಲು ಬಲಬದಿಗೆ ಮಾತ್ರ ಅಂಟಿಸಿದ ಆ ಗುರುತು ಇಂದಿಗೂ ಬಲಬದಿಯಲ್ಲಿಯೇ ಇದೆ, ಎಡಬದಿ ಬರಿದಾಗಿಯೇ ಉಳಿದಿದೆ. ಅಭಿಮಾನಿಗಳು ತಲೆಯ ಮೇಲೆ ಬೀಸುವ ಹಳದಿ ಟವೆಲ್ಲಿನ ಕಥೆ ಇನ್ನೂ ಆರ್ದ್ರವಾದದ್ದು. 1975ರಲ್ಲಿ ಅದನ್ನು ರೂಢಿಗೆ ತಂದ ರೇಡಿಯೋ ನಿರೂಪಕ ಮೈರನ್ ಕೋಪ್, ಅದರ ಮಾರಾಟದ ಹಕ್ಕನ್ನು 1996ರಲ್ಲಿ ಬೌದ್ಧಿಕ ನ್ಯೂನತೆಯುಳ್ಳವರನ್ನು ನೋಡಿಕೊಳ್ಳುವ ಅಲೆಗೇನಿ ವ್ಯಾಲಿ ಸ್ಕೂಲ್‌ಗೆ ಬರೆದುಕೊಟ್ಟರು. ಅವರ ಮಗನೂ ಅಲ್ಲಿಯ ಆಶ್ರಿತರಲ್ಲೊಬ್ಬನಾಗಿದ್ದ. ಮಾರಾಟವಾಗುವ ಪ್ರತಿಯೊಂದು ಟವೆಲ್ಲಿನ ಪಾಲೂ ಆ ಸಂಸ್ಥೆಗೆ ಸೇರುತ್ತದೆ.

ಉಕ್ಕಿನ ಕುಲುಮೆಗಳು ಆರುತ್ತಿದ್ದ ದಶಕದಲ್ಲಿಯೇ ಈ ಊರಿಗೆ ಹೊಸಬರೂ ಬಂದರು. ನಗರದ ಪೂರ್ವಕ್ಕೆ ಪೆನ್ ಹಿಲ್ಸ್ ಬೆಟ್ಟದ ಮೇಲೆ 1970ರ ದಶಕದಲ್ಲಿ ಎದ್ದ ಶ್ರೀ ವೆಂಕಟೇಶ್ವರ ದೇವಾಲಯವು ಅಮೆರಿಕದ ಮೊದಲ ದೊಡ್ಡ ಹಿಂದೂ ದೇವಾಲಯಗಳಲ್ಲೊಂದು. ವೈದ್ಯರಾಗಿ, ಎಂಜಿನಿಯರುಗಳಾಗಿ ಬಂದ ತೆಲುಗು, ತಮಿಳು, ಕನ್ನಡ ಮನೆಮಾತಿನವರು ಅದರ ಬಿಳಿಯ ಗೋಪುರದಡಿ ಸೇರುತ್ತಾರೆ. ಹುಟ್ಟಿದೂರನ್ನು ಬಿಟ್ಟು ಬಂದು ಅದರ ದೇವರನ್ನು ಜೊತೆಗೆ ತಂದುಕೊಂಡವರಿಗೆ, ಊರು ಬಿಟ್ಟೂ ತಂಡವನ್ನು ಬಿಡದ ಪಿಟ್ಸ್‌ಬರ್ಗಿನವರ ನಂಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಎರಡು ಊರುಗಳಿಂದ ಬಂದ ತಂಡಗಳ ಬಲಾಬಲವನ್ನು ಇನ್ನು ನೋಡಬಹುದು. ಗ್ರೀನ್ ಬೇ ಆ ಋತುವಿನಲ್ಲಿ ಹತ್ತು ಪಂದ್ಯ ಗೆದ್ದು ಆರು ಸೋತು, ತನ್ನ ಬಣದ ಆರನೆಯ ಹಾಗೂ ಕೊನೆಯ ಸ್ಥಾನದಿಂದ ಅಂತಿಮ ಸುತ್ತಿಗೆ ನುಸುಳಿತು. ಹದಿನೈದರಷ್ಟು ಆಟಗಾರರು ಗಾಯದಿಂದ ಋತುವಿಡೀ ಹೊರಗುಳಿದರೂ, ಫಿಲಡೆಲ್ಫಿಯಾ, ಅಟ್ಲಾಂಟಾ, ಚಿಕಾಗೋ ಎಂಬ ಮೂರು ಊರುಗಳಲ್ಲಿ, ಮೂರನ್ನೂ ಎದುರಾಳಿಯ ಅಂಗಳದಲ್ಲಿಯೇ ಗೆದ್ದು ಬಂದಿತು. ಪಿಟ್ಸ್‌ಬರ್ಗ್ ಹನ್ನೆರಡು ಗೆದ್ದು ನಾಲ್ಕು ಸೋತು, ಬಾಲ್ಟಿಮೋರ್ ಮತ್ತು ನ್ಯೂಯಾರ್ಕ್ ಜೆಟ್ಸ್ ತಂಡಗಳನ್ನು ಹಿಮ್ಮೆಟ್ಟಿಸಿತು. ಇಡೀ ಲೀಗಿನಲ್ಲಿ ಎದುರಾಳಿಗಳಿಗೆ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಪಿಟ್ಸ್‌ಬರ್ಗ್, ಒಟ್ಟು 232. ಅದರ ಬೆನ್ನಿಗೇ ಗ್ರೀನ್ ಬೇ, 240. ರಕ್ಷಣೆಯೇ ಇಬ್ಬರ ಬಂಡವಾಳವಾಗಿತ್ತು.

ಈ ಹೋಲಿಕೆ ಆಕಸ್ಮಿಕವಲ್ಲ. ಪಿಟ್ಸ್‌ಬರ್ಗಿನ ರಕ್ಷಣೆಯನ್ನು ರೂಪಿಸುತ್ತಿದ್ದ, ಆಗ ಎಪ್ಪತ್ತಮೂರರ ಡಿಕ್ ಲೆಬೋ ಮತ್ತು ಗ್ರೀನ್ ಬೇಯ ರಕ್ಷಣೆಯ ಹೊಣೆ ಹೊತ್ತಿದ್ದ ಡಾಮ್ ಕೇಪರ್ಸ್, 1990ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗಿನಲ್ಲಿಯೇ ಜೊತೆಗೆ ದುಡಿದವರು. ಅವರು ಪಳಗಿಸಿದ ತಂತ್ರಕ್ಕೆ ಝೋನ್ ಬ್ಲಿಟ್ಝ್ ಎಂದು ಹೆಸರು. ಬ್ಲಿಟ್ಝ್ ಎಂದರೆ ಸಾಮಾನ್ಯ ಲೆಕ್ಕಕ್ಕಿಂತ ಹೆಚ್ಚು ರಕ್ಷಕರು ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳುವುದು. ಹಾಗೆ ಮುಗಿಬಿದ್ದಾಗ ಹಿಂದೆ ತೆರವಾಗುವ ಜಾಗವೇ ಎದುರಾಳಿಗೆ ಅವಕಾಶ. ಈ ತಂತ್ರದಲ್ಲಿ ನುಗ್ಗುವನೆಂದು ತೋರುವ ದಢೂತಿ ಆಳು ಹಿಂದಕ್ಕೆ ಸರಿದು ಆ ಜಾಗವನ್ನು ಕಾಯುತ್ತಾನೆ, ಕಾಯುವನೆಂದು ತೋರಿದವನು ಮಿಂಚಿನಂತೆ ನುಗ್ಗುತ್ತಾನೆ. ಚಿಕಾಗೋ ಪಂದ್ಯದಲ್ಲಿ ಗ್ರೀನ್ ಬೇಯ ಭಾರಿ ಗಾತ್ರದ ಬಿ. ಜೆ. ರಾಜಿ ಹೀಗೆ ಹಿಂದೆ ಸರಿದು, ತಮ್ಮತ್ತ ಬಂದ ಎಸೆತವನ್ನು ಹಿಡಿದು 18 ಗಜ ಓಡಿ ಟಚ್‌ಡೌನ್ ಗಳಿಸಿದ್ದು ಇದಕ್ಕೆ ನಿದರ್ಶನ.

ದಾಳಿಯ ಕಡೆ ಗ್ರೀನ್ ಬೇಯ ಭರವಸೆ ಆಗ ಇಪ್ಪತ್ತೇಳರ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಆಗಿದ್ದರು. ಮೂರು ವರ್ಷ ಹಿರಿಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರ ಹಿಂದೆ ಬೆಂಚಿನ ಮೇಲೆ ಕೂತು ಕಾದ ಇವರು, ಅಟ್ಲಾಂಟಾದ ಚಾವಣಿಯ ಅಂಗಣದಲ್ಲಿ 36 ಎಸೆತಗಳಲ್ಲಿ 31ನ್ನು ಸಂಗಡಿಗರ ಕೈಗೆ ತಲುಪಿಸಿದರು. ಅವರ ಎದುರು ನಿಂತವರು ಆ ಋತುವಿನ ಶ್ರೇಷ್ಠ ರಕ್ಷಕರೆಂದು ಪಂದ್ಯದ ವಾರವಷ್ಟೇ ಆಯ್ಕೆಯಾದ ಟ್ರಾಯ್ ಪೊಲಮಾಲು. ಚೆಂಡು ಹೊರಡುವ ಕ್ಷಣವನ್ನು ಮೊದಲೇ ಊಹಿಸಿ ಗೆರೆಯ ಮೇಲಿಂದ ಹಾರುತ್ತಿದ್ದ ಅವರ ಮೇಲೆ ಕಣ್ಣಿಡದೆ ಯಾವ ಕ್ವಾರ್ಟರ್‌ಬ್ಯಾಕೂ ಚೆಂಡು ಎಸೆಯಲಾರದಾಗಿದ್ದ. ಪಿಟ್ಸ್‌ಬರ್ಗಿನ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್ ಆಗಲೇ ಎರಡು ಸೂಪರ್ ಬೌಲ್ ಗೆದ್ದಿದ್ದವರು. ಇಬ್ಬರು ಮೂವರು ಮೈಮೇಲೆ ಜೋತುಬಿದ್ದರೂ ಉರುಳದೆ ನಿಂತು ಎಸೆಯಬಲ್ಲವರಾಗಿದ್ದರು. 2009ರ ಡಿಸೆಂಬರಿನಲ್ಲಿ ಇವೆರಡು ತಂಡಗಳು ಅದಕ್ಕೆ ಮುನ್ನ ಕೊನೆಯ ಬಾರಿ ಎದುರಾದಾಗ ಅವರು 503 ಗಜ ಎಸೆದು, ಗಡಿಯಾರ ನಿಲ್ಲುವ ಹೊತ್ತಿಗೆ 37–36ರಿಂದ ಗೆಲ್ಲಿಸಿದ್ದನ್ನು ಗ್ರೀನ್ ಬೇ ಮರೆತಿರಲಿಲ್ಲ. ಆದರೆ ದಾಳಿಯ ಸಾಲಿನ ನಟ್ಟನಡುವೆ ನಿಂತು ಅವರಿಗೆ ಚೆಂಡು ಕೊಡಬೇಕಾದ ಮಾರ್ಕೀಸ್ ಪೌನ್ಸಿಯ ಕಣಕಾಲು ಗಾಯಗೊಂಡಿದ್ದದ್ದು ಪಿಟ್ಸ್‌ಬರ್ಗಿನ ದೊಡ್ಡ ಚಿಂತೆಯಾಗಿತ್ತು.

ಆರ್ಲಿಂಗ್ಟನ್‌ನ ಅಂಗಣ 2009ರಲ್ಲಿ ತೆರೆದದ್ದು. ಸರಿಸಬಹುದಾದ ಚಾವಣಿಯೂ ಮೈದಾನದ ಮೇಲೆ ತೂಗುವ ಸುಮಾರು 49 ಮೀಟರ್ ಉದ್ದದ ತೆರೆಯೂ ಅದರ ಹೆಗ್ಗಳಿಕೆ. ಬಿಸಿಲನ್ನು ನಿರೀಕ್ಷಿಸಿ ಬಂದ ಅಭಿಮಾನಿಗಳಿಗೆ ಪಂದ್ಯದ ವಾರ ಎದುರಾದದ್ದು ಮಂಜುಗಡ್ಡೆ. ಮಂಗಳವಾರದ ಹಿಮಮಳೆಗೆ ರಸ್ತೆಗಳು ಗಾಜಾದವು, ಶಾಲೆಗಳು ಮುಚ್ಚಿದವು. ಶುಕ್ರವಾರ ಚಾವಣಿಯಿಂದ ಜಾರಿ ಬಿದ್ದ ಮಂಜಿನ ಗಡ್ಡೆಗಳಿಂದ ಕೆಲವು ಕೆಲಸಗಾರರಿಗೆ ಪೆಟ್ಟಾಯಿತು. ಎರಡು ಉತ್ತರದ ಊರುಗಳು ತಮ್ಮ ಚಳಿಗಾಲವನ್ನೂ ಹೊತ್ತು ತಂದಂತಿತ್ತು. ಎರಡೂ ತಂಡಗಳಿಗೆ ಚಿಯರ್‌ಲೀಡರ್ ಎಂಬ ನರ್ತಕಿಯರ ಪಡೆಯಿರಲಿಲ್ಲ, ಸೂಪರ್ ಬೌಲ್‌ನಲ್ಲಿ ಹೀಗಾದದ್ದು ಅದೇ ಮೊದಲು.

ಚಾವಣಿಯಡಿ, ಗಾಳಿ ಬೀಸದ ಕಡೆಯಲ್ಲಿ, ಒಣಗಿದ ನೆಲದ ಮೇಲೆ ರಾಜರ್ಸ್ ಅವರ ಎಸೆತಗಳು ಅಟ್ಲಾಂಟಾದಲ್ಲಿ ಹೋದಂತೆಯೇ ಗುರಿ ಸೇರುತ್ತವೆಂಬುದು ಗ್ರೀನ್ ಬೇಯ ಅಭಿಮಾನಿಯ ಲೆಕ್ಕವಾಗಿತ್ತು. ಪಿಟ್ಸ್‌ಬರ್ಗಿನ ರಕ್ಷಣೆಯ ಎದುರು ಓಡಿ ಗೆಲ್ಲುವುದು ಯಾರಿಗೂ ಸುಲಭವಾಗಿರಲಿಲ್ಲ. ಆ ಋತುವಿನಲ್ಲಿ ಅದು ಓಟದಿಂದ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ 63 ಗಜ ಮಾತ್ರ. ಆದ್ದರಿಂದ ನಾಲ್ಕೈದು ಮಂದಿ ಎಸೆತ ಹಿಡಿಯುವವರನ್ನು ಅಗಲಕ್ಕೆ ಹರಡಿ ನಿಲ್ಲಿಸಿ, ಪೊಲಮಾಲು ಯಾರನ್ನು ಕಾಯಬೇಕೆಂದು ತಿಳಿಯದಂತೆ ಮಾಡುವುದೇ ಗ್ರೀನ್ ಬೇಗೆ ಉಳಿದಿದ್ದ ದಾರಿ. ಹಾಗಾದರೆ ಒಂದು ಟಚ್‌ಡೌನಿಗೂ ಕಿರಿದಾದ ಅಂತರದಿಂದ ಗೆಲುವು ಗ್ರೀನ್ ಬೇಯದಾಗಬಹುದೆಂಬುದು ಪಂದ್ಯಕ್ಕೆ ಮುನ್ನ ಇದ್ದ ಊಹೆ. ಚೆಂಡು ರಾತ್ಲಿಸ್‌ಬರ್ಗರ್ ಅವರ ಕೈಯಲ್ಲಿದ್ದು ಎರಡು ನಿಮಿಷ ಉಳಿದಿದ್ದರೆ ಆ ಲೆಕ್ಕಕ್ಕೆ ಬೆಲೆಯಿರದೆಂಬ ಅಳುಕೂ ಇತ್ತು.

ಪಿಟ್ಸ್‌ಬರ್ಗಿನಲ್ಲಿ ಆ ಪಂದ್ಯಕ್ಕೆ ಮುನ್ನ ಆರು ಲೊಂಬಾರ್ಡಿ ಪ್ರಶಸ್ತಿಗಳಿದ್ದವು, ಲೊಂಬಾರ್ಡಿಯವರ ಊರಿನಲ್ಲಿ ಮೂರು. ಗ್ರೀನ್ ಬೇಯ ಆಗಿನ ತರಬೇತುದಾರ ಮೈಕ್ ಮೆಕಾರ್ಥಿ ಹುಟ್ಟಿ ಬೆಳೆದದ್ದು ಪಿಟ್ಸ್‌ಬರ್ಗಿನ ಗ್ರೀನ್‌ಫೀಲ್ಡ್ ಬಡಾವಣೆಯಲ್ಲಿ. ಅಗ್ನಿಶಾಮಕ ದಳದಲ್ಲಿ ದುಡಿದ ತಂದೆಯ ಮಗನಾಗಿ, ಕುಲುಮೆಗಳು ಒಂದೊಂದಾಗಿ ಆರುವುದನ್ನು ಕಂಡು, ಆಗ ಊರು ಬಿಟ್ಟ ಸಾವಿರಾರು ತರುಣರಂತೆಯೇ ಕೆಲಸ ಅರಸಿ ಹೊರಟವರು ಅವರು. ಭಾನುವಾರ ಸಂಜೆ ಐದೂವರೆಗೆ, ಕರ್ನಾಟಕದಲ್ಲಿ ಸೋಮವಾರದ ಬೆಳಗಿನ ಐದು ಗಂಟೆಯ ಹೊತ್ತಿಗೆ, ಚೆಂಡು ಮೇಲೇಳಲಿತ್ತು. ನಾಲ್ಕನೆಯ ಪ್ರಶಸ್ತಿ ಗ್ರೀನ್ ಬೇಗೆ ಬರುವುದಾದರೆ, ಅದನ್ನು ಹಿಮದ ಆ ಬೀದಿಗೆ ಹೊತ್ತು ತರುವವರು ಪಿಟ್ಸ್‌ಬರ್ಗಿನ ಮಗನೇ ಆಗಿರಲಿದ್ದರು.